ಎರಡು ಲಕ್ಷದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ: ಅರಸೀಕೆರೆ, ಬೇಲೂರು, ಹಳೇಬೀಡಿನ ವೃತ್ತಿಪರರು ಏನೇನು ಪರೀಕ್ಷಿಸಬೇಕು?

ಅರಸೀಕೆರೆ: ಮದುವೆ ಸೀಸನ್ ಶುರುವಾಗುವ ಮುಂಚೆ ಹೊಸ ಲ್ಯಾಪ್‌ಟಾಪ್ ತಗೋಬೇಕು ಅಂತ ಲೆಕ್ಕ ಹಾಕುವ ಫೋಟೋ ಸ್ಟುಡಿಯೋದವರು, ಮನೆ ಪ್ಲಾನ್ ಮಾಡುವ ಸಿವಿಲ್ ಎಂಜಿನಿಯರ್‌ಗಳು, ಡ್ರೋನ್ ಸರ್ವೆ ಮಾಡುವವರು, ದೇವಸ್ಥಾನದ ಶಿಲ್ಪಗಳನ್ನು ತ್ರೀಡಿ ಮಾದರಿಯಾಗಿ ದಾಖಲಿಸಲು ಹೊರಟವರು, ಎಲ್ಲರಿಗೂ ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಇದು ಟಾಪ್ ಮಾಡೆಲ್ ಸಾರ್, ಏನ್ ಹಾಕಿದ್ರೂ ಎಳೆಯುತ್ತೆ."

ಎಳೆಯುತ್ತೆ, ನಿಜ. ಆದರೆ ಎಷ್ಟು ಹೊತ್ತು? ಪ್ಲಗ್ ತೆಗೆದ ಮೇಲೂ ಎಳೆಯುತ್ತಾ? ಏಪ್ರಿಲ್ ತಿಂಗಳ ಸೆಖೆಯಲ್ಲಿ, ಫ್ಯಾನ್ ಮಾತ್ರ ಇರುವ ರೂಮಿನಲ್ಲಿ ಎಳೆಯುತ್ತಾ? ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಬಾಕ್ಸ್ ಮೇಲೆ ಬರೆದಿರುವುದಿಲ್ಲ. ಅದನ್ನು ನಾವೇ ಪರೀಕ್ಷೆ ಮಾಡಿ ತಿಳಿದುಕೊಳ್ಳಬೇಕು. ಹೇಗೆ ಅನ್ನೋದು ಇಲ್ಲಿದೆ.

ವರ್ಕ್‌ಸ್ಟೇಷನ್ ಅಂದ್ರೆ ಏನು? ಗೇಮಿಂಗ್ ಲ್ಯಾಪ್‌ಟಾಪ್‌ಗೂ ಇದಕ್ಕೂ ಏನು ವ್ಯತ್ಯಾಸ?

ಡೆಲ್ ಪ್ರಿಸಿಷನ್ (2025ರಲ್ಲಿ ಇದಕ್ಕೆ ಡೆಲ್ ಪ್ರೋ ಮ್ಯಾಕ್ಸ್ ಎಂಬ ಹೊಸ ಹೆಸರು ಬಂತು), ಎಚ್‌ಪಿ ಝೆಡ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಪಿ ಸರಣಿ – ಇವು ಮಾರುಕಟ್ಟೆಯಲ್ಲಿರುವ ಮುಖ್ಯ ಮೊಬೈಲ್ ವರ್ಕ್‌ಸ್ಟೇಷನ್‌ಗಳು. ಪ್ರೊಸೆಸರ್, ರ‍್ಯಾಮ್ ನೋಡಿದರೆ ಗೇಮಿಂಗ್ ಲ್ಯಾಪ್‌ಟಾಪ್ ಥರಾನೇ ಕಾಣುತ್ತೆ. ಬೆಲೆ ಮಾತ್ರ ಜಾಸ್ತಿ. ಆ ಹೆಚ್ಚಿನ ಹಣ ಹೋಗುವುದು ಮುಖ್ಯವಾಗಿ ಮೂರು ಕಡೆಗೆ:

• ಪ್ರಮಾಣೀಕರಣ: ಆಟೋಡೆಸ್ಕ್, ಸಾಲಿಡ್‌ವರ್ಕ್ಸ್, ಬೆಂಟ್ಲಿಯಂತಹ ಸಾಫ್ಟ್‌ವೇರ್‌ಗಳ ಜೊತೆ ಆ ಮಾಡೆಲ್ ಮತ್ತು ಅದರ ಡ್ರೈವರ್ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಪಟ್ಟಿಗೆ ಸೇರಿಸಿರುತ್ತಾರೆ.

• ಇಸಿಸಿ ಮೆಮೊರಿ: ರ‍್ಯಾಮ್‌ನಲ್ಲಿ ಅಪರೂಪಕ್ಕೆ ಆಗುವ ಒಂದು ಅಂಕಿಯ ತಪ್ಪನ್ನು ತಾನೇ ಪತ್ತೆ ಹಚ್ಚಿ ಸರಿಪಡಿಸುವ ವ್ಯವಸ್ಥೆ. ಇದು ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಸಿಗುತ್ತದೆ.

• ಸೇವೆ: ಮೂರು ವರ್ಷದ ಆನ್‌ಸೈಟ್ ವಾರಂಟಿ, ಬಿಚ್ಚಿ ಜೋಡಿಸಲು ಸುಲಭವಾದ ರಚನೆ, ಬಿಡಿಭಾಗಗಳು ಹೆಚ್ಚು ವರ್ಷ ಸಿಗುವ ಸಾಧ್ಯತೆ.

ಈ ಮೂರೂ ನಿಮ್ಮ ಕೆಲಸಕ್ಕೆ ಬೇಕಾಗಿಲ್ಲ ಅಂದ್ರೆ ಒಳ್ಳೆ ಕೂಲಿಂಗ್ ಇರುವ ಗೇಮಿಂಗ್ ಅಥವಾ ಕ್ರಿಯೇಟರ್ ಲ್ಯಾಪ್‌ಟಾಪ್ ಕಡಿಮೆ ದುಡ್ಡಿಗೆ ಅದೇ ವೇಗ ಕೊಡುತ್ತದೆ. ನಾಚಿಕೊಳ್ಳುವುದು ಏನೂ ಇಲ್ಲ.

ನಿಮ್ಮ ಕೆಲಸ ಯಾವುದು? ಮೊದಲು ಅದನ್ನು ತೀರ್ಮಾನ ಮಾಡಿ

1. ಮದುವೆ ವಿಡಿಯೋ, ಆಲ್ಬಂ ಮಾಡುವವರು

4ಕೆ ವಿಡಿಯೋವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ ತಲಾ ಆರು ಗಂಟೆ ಓಡಿದರೆ ಒಂದೇ ಮದುವೆಗೆ 540 ಜಿಬಿ. 512 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಎಷ್ಟೇ ಬಲಶಾಲಿ ಆಗಿರಲಿ, ಒಂದು ಮದುವೆ ಹಿಡಿಸುವುದಿಲ್ಲ. ಇವರಿಗೆ ಕನಿಷ್ಠ 1 ಟಿಬಿ, ಸಾಧ್ಯವಾದರೆ ಎರಡು ಎಸ್‌ಎಸ್‌ಡಿ ಹಾಕುವ ಜಾಗ ಇರಬೇಕು.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಈಗಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳು 4:2:2, 10 ಬಿಟ್, ಎಚ್.265 ಮಾದರಿಯಲ್ಲಿ ವಿಡಿಯೋ ಕೊಡುತ್ತವೆ. ಇದನ್ನು ಸಲೀಸಾಗಿ ಓಡಿಸಲು ಚಿಪ್‌ನೊಳಗೇ ಅದಕ್ಕೆಂದು ಪ್ರತ್ಯೇಕ ಭಾಗ ಇರಬೇಕು. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದು ಇದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಹಾಗಾಗಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಟೈಮ್‌ಲೈನ್ ಕುಂಟುವುದು, ಅದಕ್ಕಿಂತ ಅಗ್ಗದ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡುವುದು ಎರಡೂ ಸಾಧ್ಯ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮೆರಾದ ಫೈಲನ್ನೇ ತಗೊಂಡು ಹೋಗಿ.

ರ‍್ಯಾಮ್ 32 ಜಿಬಿ, ಗ್ರಾಫಿಕ್ಸ್ ಮೆಮೊರಿ 8 ಜಿಬಿ ಇದ್ದರೆ ಸಾಮಾನ್ಯ 4ಕೆ ಎಡಿಟಿಂಗ್ ನಡೆಯುತ್ತದೆ. ರಾತ್ರಿ ರಿಸೆಪ್ಷನ್‌ನ ಮಬ್ಬು ಬೆಳಕಿನ ವಿಡಿಯೋಗೆ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕುವವರಿಗೆ 12 ಜಿಬಿ ಗ್ರಾಫಿಕ್ಸ್ ಮೆಮೊರಿ ಒಳ್ಳೆಯದು. ಪ್ರಮಾಣೀಕರಣ, ಇಸಿಸಿ ಇವರಿಗೆ ಬೇಕಾಗಿಲ್ಲ.

2. ಪ್ಲಾನ್, ಎಸ್ಟಿಮೇಟ್ ಮಾಡುವವರು

ಎರಡು ಆಯಾಮದ ಆಟೋಕ್ಯಾಡ್ ಪ್ಲಾನ್‌ಗೆ ಎರಡು ಲಕ್ಷದ ಮೆಷಿನ್ ಬೇಡವೇ ಬೇಡ. ಆಟೋಕ್ಯಾಡ್ ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಓಡುವುದರಿಂದ, ಹದಿನಾರು ಕೋರ್ ಇದ್ದರೂ ಉಳಿದವು ಸುಮ್ಮನೆ ಕೂತಿರುತ್ತವೆ. ರೆವಿಟ್‌ನಲ್ಲಿ ದೊಡ್ಡ ಮಾದರಿ, ಪಾರ್ಟಿಗೆ ತೋರಿಸಲು ತ್ರೀಡಿ ರೆಂಡರಿಂಗ್, ಗಂಟೆಗಟ್ಟಲೆ ಓಡುವ ಸ್ಟ್ರಕ್ಚರಲ್ ಅನಾಲಿಸಿಸ್ ಮಾಡುವವರಿಗೆ ಮಾತ್ರ ವರ್ಕ್‌ಸ್ಟೇಷನ್‌ನ ಪ್ರಯೋಜನ ಕಾಣುತ್ತದೆ. ಪ್ರಮಾಣೀಕೃತ ಡ್ರೈವರ್, ಇಸಿಸಿ ಮೆಮೊರಿಗೆ ಅರ್ಥ ಬರುವುದು ಇಲ್ಲಿ.

3. ಶಿಲ್ಪಗಳ ತ್ರೀಡಿ ದಾಖಲಾತಿ, ಡ್ರೋನ್ ಸರ್ವೆ ಮಾಡುವವರು

ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಶಿಲ್ಪಗಳನ್ನು ಡಿಜಿಟಲ್ ಆಗಿ ದಾಖಲಿಸುವ ಒಂದು ವಿಧಾನ ಫೋಟೋಗ್ರಾಮೆಟ್ರಿ: ಒಂದೇ ಶಿಲ್ಪವನ್ನು ಎಲ್ಲ ಕೋನಗಳಿಂದ, ಒಂದರ ಮೇಲೊಂದು ಚಿತ್ರದ ಭಾಗ ಬರುವಂತೆ ನೂರಾರು ಫೋಟೋ ತೆಗೆದು, ಅವುಗಳಿಂದ ತ್ರೀಡಿ ಮಾದರಿ ಕಟ್ಟುವುದು. ಇದಕ್ಕೆ ಮೆಟಾಶೇಪ್, ರಿಯಾಲಿಟಿಸ್ಕ್ಯಾನ್ (ಮೊದಲಿನ ಹೆಸರು ರಿಯಾಲಿಟಿಕ್ಯಾಪ್ಚರ್) ಮುಂತಾದ ಸಾಫ್ಟ್‌ವೇರ್ ಬಳಸುತ್ತಾರೆ.

ಲ್ಯಾಪ್‌ಟಾಪ್‌ನ ಬೆವರಿಳಿಸುವ ಕೆಲಸ ಅಂದ್ರೆ ಇದೇ. ಫೋಟೋಗಳನ್ನು ಹೊಂದಿಸುವ ಹಂತ, ಆಳ ಲೆಕ್ಕ ಹಾಕುವ ಹಂತ, ಮೇಲ್ಮೈ ಕಟ್ಟುವ ಹಂತ – ಒಂದೊಂದು ಹಂತ ಒಂದೊಂದು ಭಾಗವನ್ನು ದುಡಿಸುತ್ತದೆ. ಒಂದು ಮದನಿಕೆಯ ಮುನ್ನೂರು ಫೋಟೋ 32 ಜಿಬಿ ರ‍್ಯಾಮ್‌ನಲ್ಲಿ ಮುಗಿಯಬಹುದು. ಹಳೇಬೀಡಿನ ಹೊರಗೋಡೆಯಲ್ಲಿ ಆನೆ, ಸಿಂಹ, ಕುದುರೆ ಪಟ್ಟಿಕೆಗಳು ಸುತ್ತಲೂ ಸಾಗುತ್ತವಲ್ಲ, ಅದರ ಒಂದು ಮಗ್ಗುಲು ಹಿಡಿದರೂ ಫೋಟೋಗಳು ಸಾವಿರ ದಾಟುತ್ತವೆ. ಆಗ 64 ಜಿಬಿ ಇದ್ದರೆ ನೆಮ್ಮದಿ. ರ‍್ಯಾಮ್ ಸಾಲದಿದ್ದರೆ ಕೆಲಸ ನಿಧಾನ ಆಗುವುದಷ್ಟೇ ಅಲ್ಲ, ಆರು ಗಂಟೆ ಓಡಿ ಕೊನೆಯಲ್ಲಿ ನಿಂತೂ ಹೋಗಬಹುದು.

ಗಮನಿಸಿ: ನುಣುಪಾಗಿ ಕಡೆದ ಹೊಳೆಯುವ ಕಂಬಗಳಲ್ಲಿ ಬೆಳಕು ಪ್ರತಿಫಲಿಸಿ ಸಾಫ್ಟ್‌ವೇರ್ ತಬ್ಬಿಬ್ಬಾಗುತ್ತದೆ. ಎಷ್ಟೇ ದುಬಾರಿ ಲ್ಯಾಪ್‌ಟಾಪ್ ಆದರೂ ಕೆಟ್ಟ ಫೋಟೋದಿಂದ ಒಳ್ಳೆ ಮಾದರಿ ಬರಲ್ಲ. ಇವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳು. ಟ್ರೈಪಾಡ್, ಲೈಟ್, ಡ್ರೋನ್ ಬಳಸುವ ಮುಂಚೆ ಇಲಾಖೆಯ ಅನುಮತಿ ಪಡೆಯಲೇಬೇಕು.

ಹೆಸರು ಒಂದೇ, ಶಕ್ತಿ ಬೇರೆ ಬೇರೆ

ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಬಹಳ ಜನ ಮೋಸ ಹೋಗುವುದು ಇಲ್ಲೇ. ಉದಾಹರಣೆಗೆ, ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್‌ಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕರೆಂಟ್ ನಿಗದಿ ಮಾಡಬಹುದು. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಕಡಿಮೆ, ದಪ್ಪದ್ದರಲ್ಲಿ ಜಾಸ್ತಿ. ಸ್ಟಿಕ್ಕರ್ ಎರಡಕ್ಕೂ ಒಂದೇ. ಇದೊಂಥರಾ ಒಂದೇ ಎಚ್‌ಪಿ ಮೋಟಾರನ್ನು ಪೂರ್ತಿ ವೋಲ್ಟೇಜ್‌ನಲ್ಲೂ ಲೋ ವೋಲ್ಟೇಜ್‌ನಲ್ಲೂ ಓಡಿಸಿದ ಹಾಗೆ. ಬೋರ್‌ವೆಲ್ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ "ಯಾವ ಕಾರ್ಡ್?" ಅಂತ ಮಾತ್ರ ಕೇಳಬೇಡಿ. "ಈ ಮಾಡೆಲ್‌ನಲ್ಲಿ ಕಾರ್ಡ್‌ಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ?" ಅಂತ ಕೇಳಿ. ಕಂಪನಿಯ ಸ್ಪೆಸಿಫಿಕೇಷನ್ ಪುಟದಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ.

ರ‍್ಯಾಮ್ ಬಗ್ಗೆಯೂ ಒಂದು ಪ್ರಶ್ನೆ ಕೇಳಿ: ಬೋರ್ಡ್‌ಗೆ ಬೆಸುಗೆ ಹಾಕಿದ್ದಾ, ಸ್ಲಾಟ್‌ನಲ್ಲಿ ಇದೆಯಾ? ಬೆಸುಗೆ ಹಾಕಿದ್ದರೆ ಮುಂದೆ ಹೆಚ್ಚಿಸಲು ಆಗಲ್ಲ. 2022ರ ನಂತರದ ಕೆಲವು ವರ್ಕ್‌ಸ್ಟೇಷನ್‌ಗಳಲ್ಲಿ ಕ್ಯಾಮ್ ಎಂಬ ಹೊಸ ಮಾದರಿಯ ಮೆಮೊರಿ ಇದೆ. ಅದನ್ನು ಬದಲಾಯಿಸಬಹುದು, ಆದರೆ ಸಾಮಾನ್ಯ ರ‍್ಯಾಮ್ ಸಿಕ್ಕಷ್ಟು ಸುಲಭವಾಗಿ ಸಿಗುವುದಿಲ್ಲ.

ನಲವತ್ತು ನಿಮಿಷದ ಪರೀಕ್ಷೆ

ಯಾವ ಲ್ಯಾಪ್‌ಟಾಪ್ ಆದರೂ ಮೊದಲ ಐದು ನಿಮಿಷ ಜೋರಾಗಿ ಓಡುತ್ತದೆ. ಬಿಸಿ ಏರಿದ ಮೇಲೆ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನಮ್ಮ ಕೆಲಸ ಐದು ನಿಮಿಷದ್ದಲ್ಲ, ಹಾಗಾಗಿ ನಲವತ್ತನೇ ನಿಮಿಷದಲ್ಲಿ ಹೇಗಿದೆ ಅಂತ ನೋಡಬೇಕು. ಡೆಮೊ ಪೀಸ್ ಇರುವ ಅಂಗಡಿ ಹುಡುಕಿ, ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋಗಿ, ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಮಾಡುವ ಗಡುವಿನೊಳಗೆ ಮನೆಯಲ್ಲೇ ಮಾಡಿ.

1. ನಿಮ್ಮದೇ ಒಂದು ಹಳೆ ಪ್ರಾಜೆಕ್ಟನ್ನು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿ ಒಯ್ಯಿರಿ. ಹಳೆ ಕಂಪ್ಯೂಟರ್‌ನಲ್ಲಿ ಅದು ಎಷ್ಟು ನಿಮಿಷ ತಗೊಂಡಿತ್ತು ಅಂತ ಬರೆದಿಟ್ಟುಕೊಂಡಿರಿ.

2. ಚಾರ್ಜರ್ ಹಾಕಿ, ಅದೇ ಹತ್ತು ನಿಮಿಷದ ವಿಡಿಯೋವನ್ನು ನಲವತ್ತು ನಿಮಿಷ ಆಗುವವರೆಗೆ ಮತ್ತೆ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಮೊದಲನೆಯದಕ್ಕೂ ಕೊನೆಯದಕ್ಕೂ ಹಿಡಿದ ಸಮಯ ಹೋಲಿಸಿ. ಸ್ವಲ್ಪ ವ್ಯತ್ಯಾಸ ಸಹಜ. ಕೊನೆಯದು ಐದನೇ ಒಂದು ಭಾಗಕ್ಕಿಂತ ಜಾಸ್ತಿ ನಿಧಾನ ಆದರೆ ಕೂಲಿಂಗ್ ಸಾಲದು ಅಂತ ಲೆಕ್ಕ.

3. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಎಷ್ಟು, ಕಾರ್ಡ್ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ತೋರಿಸುತ್ತದೆ.

4. ಈಗ ಚಾರ್ಜರ್ ತೆಗೆದು ಅದೇ ಕೆಲಸ ಮಾಡಿ. ಬಹಳಷ್ಟು ಮೆಷಿನ್‌ಗಳು ಬ್ಯಾಟರಿಯಲ್ಲಿ ತೀರಾ ನಿಧಾನ ಆಗುತ್ತವೆ. ಎಷ್ಟು ಅಂತ ನಿಮಗೆ ಗೊತ್ತಿರಲಿ.

5. ಫ್ಯಾನ್ ಸದ್ದು ಕೇಳಿ. ಕೀಬೋರ್ಡ್ ಮೇಲೆ, ಅಂಗೈ ಇಡುವ ಜಾಗದಲ್ಲಿ ಕೈ ಇಟ್ಟು ನೋಡಿ. ಪಕ್ಕದಲ್ಲೇ ವಾಯ್ಸ್ ಓವರ್ ರೆಕಾರ್ಡ್ ಮಾಡುವವರಿಗೆ ಸದ್ದು ದೊಡ್ಡ ಸಮಸ್ಯೆ.

6. ಡಿಸ್‌ಪ್ಲೇ ನೋಡಿ. ಆಲ್ಬಂ ಪ್ರಿಂಟ್‌ಗೆ ಕಳಿಸುವವರಿಗೆ ಎಸ್‌ಆರ್‌ಜಿಬಿ ಬಣ್ಣಗಳು ನೂರಕ್ಕೆ ನೂರು ಬರಬೇಕು. ನಿಮ್ಮ ಹತ್ತಿರ ಪ್ರಿಂಟ್ ಆಗಿರುವ ಒಂದು ಆಲ್ಬಂ ಹಾಳೆ ಒಯ್ದು, ಅದೇ ಫೈಲನ್ನು ಸ್ಕ್ರೀನ್‌ನಲ್ಲಿ ತೆರೆದು ರೇಷ್ಮೆ ಸೀರೆಯ ಕೆಂಪು, ಅರಿಶಿನದ ಹಳದಿ ಹೋಲಿಸಿ.

7. ಕನ್ನಡದ ಕೆಲಸ ಇರುವವರು ನುಡಿ, ಬರಹ ಅಥವಾ ನೀವು ಬಳಸುವ ಹಳೆ ಫಾಂಟಿನ ಲಗ್ನಪತ್ರಿಕೆ ಫೈಲ್ ತೆರೆದು ನೋಡಿ. ಹೊಸ ವಿಂಡೋಸ್‌ನಲ್ಲಿ ಅಕ್ಷರ ಒಡೆದು ಕಂಡರೆ ಹಳೆ ಕೆಲಸಕ್ಕೆ ಏನು ಮಾಡೋದು ಅಂತ ಮೊದಲೇ ಯೋಚಿಸಬೇಕಾಗುತ್ತದೆ.

ನಮ್ಮೂರ ಕರೆಂಟು, ಬಿಸಿಲು, ಧೂಳು

ವಿಮಾನದಲ್ಲಿ ಒಯ್ಯುವ ನಿಯಮದ ಕಾರಣ ಲ್ಯಾಪ್‌ಟಾಪ್ ಬ್ಯಾಟರಿಗಳು 100 ವ್ಯಾಟ್-ಅವರ್ ಒಳಗೇ ಇರುತ್ತವೆ. 95 ವ್ಯಾಟ್-ಅವರ್ ಬ್ಯಾಟರಿ, ಮೆಷಿನ್ 130 ವ್ಯಾಟ್ ಎಳೆದರೆ ಮುಕ್ಕಾಲು ಗಂಟೆಯೂ ಬರಲ್ಲ. ಅದೇ ಬ್ಯಾಟರಿ ಬರೀ ಟೈಪಿಂಗ್‌ಗೆ ಏಳೆಂಟು ಗಂಟೆ ಬರಬಹುದು. ಜಾಹೀರಾತಿನಲ್ಲಿ ಹಾಕುವುದು ಎರಡನೇ ಲೆಕ್ಕ. ಹಾಗಾಗಿ ಕರೆಂಟ್ ಹೋದಾಗ ರೆಂಡರಿಂಗ್ ಬ್ಯಾಟರಿ ಮೇಲೆ ನಡೆಯುತ್ತೆ ಅಂತ ನಂಬಬೇಡಿ.

ಮನೆಯ 12 ವೋಲ್ಟ್, 150 ಎಎಚ್ ಇನ್ವರ್ಟರ್ ಬ್ಯಾಟರಿ ಒಳ್ಳೆ ಸ್ಥಿತಿಯಲ್ಲಿದ್ದರೆ ಸುಮಾರು ಸಾವಿರ ವ್ಯಾಟ್-ಅವರ್ ಬಳಕೆಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್, ಮಾನಿಟರ್, ಒಂದು ಫ್ಯಾನ್ ಸೇರಿ 250 ವ್ಯಾಟ್ ಆದರೆ ನಾಲ್ಕು ಗಂಟೆ. ಇನ್ವರ್ಟರ್ ಪ್ಯೂರ್ ಸೈನ್‌ವೇವ್ ಆಗಿದ್ದರೆ ಅಡಾಪ್ಟರ್‌ಗೆ ಒಳ್ಳೆಯದು. ಅಡಾಪ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ಓಡುವುದರಿಂದ ಸ್ಟೆಬಿಲೈಸರ್ ಕಡ್ಡಾಯ ಅಲ್ಲ. ಆದರೆ ಗುಡುಗು ಮಿಂಚಿನ ದಿನ, ಕಲ್ಯಾಣ ಮಂಟಪದಲ್ಲಿ ಜನರೇಟರ್‌ಗೆ ಬದಲಾಯಿಸುವ ಹೊತ್ತು, ಸರ್ಜ್ ಪ್ರೊಟೆಕ್ಟರ್ ಇಲ್ಲದೆ ಹಾಕಬೇಡಿ. ಲೋಹದ ಬಾಡಿ ಮುಟ್ಟಿದಾಗ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ ಎಂದು ಅನುಮಾನಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಕೆಲವು ದೊಡ್ಡ ಅಡಾಪ್ಟರ್‌ಗಳಿಗೆ 16 ಆಂಪಿಯರ್‌ನ ದಪ್ಪ ಪ್ಲಗ್ ಬರುತ್ತದೆ. ಛತ್ರದ ಸಣ್ಣ ಸಾಕೆಟ್‌ಗೆ ಅದು ಕೂರಲ್ಲ.

ಅರಸೀಕೆರೆ ಬಯಲುಸೀಮೆ, ಬೇಸಿಗೆಯ ಬಿಸಿ ಜೋರು. ಕೊಬ್ಬರಿ, ತೆಂಗಿನ ನಾರಿನ ವಹಿವಾಟು ಇರುವ ಕಡೆ ನಾರಿನ ಧೂಳು ಫ್ಯಾನ್ ಸೇರುತ್ತದೆ. ಬೇಲೂರು ಕಡೆ ಮಳೆಗಾಲದ ತೇವಾಂಶ ಜಾಸ್ತಿ. ವರ್ಷಕ್ಕೆ ಒಮ್ಮೆಯಾದರೂ ಫ್ಯಾನ್ ಕ್ಲೀನ್ ಮಾಡಿಸಿ. ಬಿಚ್ಚಿದರೆ ವಾರಂಟಿ ಹೋಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಬಸ್ಸಿನಲ್ಲಿ, ಟ್ರೈನಿನಲ್ಲಿ ಹೋಗುವಾಗ ಲಿಡ್ ಮುಚ್ಚಿ ಹಾಗೇ ಬ್ಯಾಗಿಗೆ ಹಾಕಬೇಡಿ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ಆಗಾಗ ಎದ್ದು, ಬ್ಯಾಗಿನೊಳಗೇ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿಕೊಳ್ಳಬಹುದು. ಪೂರ್ತಿ ಶಟ್‌ಡೌನ್ ಮಾಡಿ.

ಬ್ಯಾಕಪ್ ಖರ್ಚನ್ನೂ ಬಜೆಟ್‌ಗೆ ಸೇರಿಸಿ

ಲ್ಯಾಪ್‌ಟಾಪ್ ಕೆಟ್ಟರೆ ಇನ್ನೊಂದು ತರಬಹುದು. ತಾಳಿ ಕಟ್ಟಿದ ಗಳಿಗೆ ಮತ್ತೆ ಬರಲ್ಲ. ಇಡೀ ಹಣವನ್ನು ಮೆಷಿನ್‌ಗೇ ಹಾಕಿ, ಬ್ಯಾಕಪ್‌ಗೆ ದುಡ್ಡು ಉಳಿಸದೇ ಇರುವುದು ದೊಡ್ಡ ತಪ್ಪು. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ – ಇದು ರೂಢಿಯ ನಿಯಮ. ಎರಡನೇ ಪ್ರತಿ ಆಗುವವರೆಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಮೇಲಿನ 540 ಜಿಬಿಯನ್ನು ಸೆಕೆಂಡಿಗೆ 120 ಎಂಬಿ ವೇಗದ ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗೆ ಹಾಕಲು ಒಂದೂಕಾಲು ಗಂಟೆ ಬೇಕು. 800 ಎಂಬಿ ವೇಗದ ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಹನ್ನೊಂದು ಹನ್ನೆರಡು ನಿಮಿಷ. ಇದಕ್ಕೆ ಲ್ಯಾಪ್‌ಟಾಪ್‌ನಲ್ಲಿ ವೇಗದ ಯುಎಸ್‌ಬಿ-ಸಿ ಅಥವಾ ಥಂಡರ್‌ಬೋಲ್ಟ್ ಪೋರ್ಟ್ ಇರಬೇಕು. ಇನ್ನೊಂದು ಮಾತು: ಕರೆಂಟ್ ಹೋದರೆ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಅಡಾಪ್ಟರ್ ಮೇಲೆ ಓಡುವ ದೊಡ್ಡ ಹಾರ್ಡ್‌ಡಿಸ್ಕ್‌ಗೆ ಇಲ್ಲ. ಕಾಪಿ ಆಗುತ್ತಿರುವಾಗ ಅದು ಆಫ್ ಆದರೆ ಫೈಲ್ ಹಾಳಾಗಬಹುದು. ಅದನ್ನು ಯುಪಿಎಸ್ ಮೇಲೆ ಇಡಿ.

ರಿಪೇರಿಗೆ ಯಾರು ಬರ್ತಾರೆ?

"ಆನ್‌ಸೈಟ್ ವಾರಂಟಿ, ಮರುದಿನವೇ ಸೇವೆ" ಅಂತ ಬರೆದಿರುತ್ತಾರೆ. ಅದು ನಿಮ್ಮ ಊರಿಗೂ ಅನ್ವಯಿಸುತ್ತಾ? ದುಡ್ಡು ಕಟ್ಟುವ ಮೊದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಪಿನ್‌ಕೋಡ್ ಕೊಟ್ಟು ಕೇಳಿ: ಅರಸೀಕೆರೆ 573103, ಬೇಲೂರು 573115, ಹಳೇಬೀಡು 573121. ಎಂಜಿನಿಯರ್ ಬರ್ತಾರಾ, ನಾವೇ ಹಾಸನಕ್ಕೋ ಬೆಂಗಳೂರಿಗೋ ಒಯ್ಯಬೇಕಾ, ಬಿಡಿಭಾಗ ಬರಲು ಎಷ್ಟು ದಿನ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಬೇರೆ ಎಲ್ಲದರಲ್ಲೂ ಸಮ ಇರುವ ಎರಡು ಮೆಷಿನ್ ಮಧ್ಯೆ ಆಯ್ಕೆ ಮಾಡಬೇಕಾದರೆ, ನಿಮ್ಮ ಪಿನ್‌ಕೋಡ್‌ಗೆ ಎಂಜಿನಿಯರ್ ಬರುವುದನ್ನೇ ತಗೊಳ್ಳಿ. ಸೀಸನ್ ಮಧ್ಯೆ ಹದಿನೈದು ದಿನ ಮೆಷಿನ್ ಇಲ್ಲದಿದ್ದರೆ ಆಗುವ ನಷ್ಟ, ವೇಗದಲ್ಲಿ ಸಿಗುವ ಲಾಭಕ್ಕಿಂತ ದೊಡ್ಡದು.

ದುಡ್ಡಿನ ಲೆಕ್ಕ

2 ಲಕ್ಷ ರೂ. ಸಾಲ, ವರ್ಷಕ್ಕೆ ಶೇ. 12 ಬಡ್ಡಿ, 36 ತಿಂಗಳು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 6,640 ರೂ. ಮೂರು ವರ್ಷಕ್ಕೆ ಒಟ್ಟು ಸುಮಾರು 2.39 ಲಕ್ಷ. ಆಷಾಢದಲ್ಲಿ ಮದುವೆ ಇರಲ್ಲ, ಧನುರ್ಮಾಸದಲ್ಲೂ ಇರಲ್ಲ. ಕಂತು ಮಾತ್ರ ಆ ತಿಂಗಳೂ ಬರುತ್ತೆ. ಹೊಸ ಮೆಷಿನ್‌ನಿಂದ ಉಳಿಯುವ ಸಮಯದಲ್ಲಿ ನಿಜವಾಗಿ ಹೆಚ್ಚಿನ ಆರ್ಡರ್ ಹಿಡಿಯಲು ಆಗುತ್ತಾ? ಆಗುತ್ತೆ ಅಂದ್ರೆ ತಗೊಳ್ಳಿ. ಎಕ್ಸ್‌ಪೋರ್ಟ್ ಹೇಗೂ ರಾತ್ರಿ ಮಲಗಿದಾಗ ಓಡುತ್ತೆ, ಬೆಳಗ್ಗೆಗೆ ಮುಗಿದಿರುತ್ತೆ ಅನ್ನುವವರಿಗೆ ಅವಸರ ಇಲ್ಲ.

• ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ಶೇ. 18. ರೆಗ್ಯುಲರ್ ನೋಂದಣಿ ಇರುವವರು ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಂಡರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ. ಕಾಂಪೋಸಿಷನ್‌ನವರಿಗೆ ಸಿಗಲ್ಲ.

• ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಶೇ. 40 ಸವಕಳಿ ತೋರಿಸಬಹುದು. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಆಡಿಟರ್ ಹತ್ತಿರ ಒಮ್ಮೆ ಮಾತಾಡಿ.

• ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ಸಾಲಕ್ಕೆ ಅವಕಾಶ ಇದೆ. ಬ್ಯಾಂಕಿಗೆ ಕೊಟೇಷನ್ ಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್‌ಗಳು ಬೆಂಗಳೂರಿನ ಎಸ್‌ಪಿ ರೋಡ್‌ನಂತಹ ಕಡೆ ಕಡಿಮೆ ಬೆಲೆಗೆ ಸಿಗುತ್ತವೆ. ಪ್ಲಾನ್, ಡಿಸೈನ್ ಕೆಲಸಕ್ಕೆ ಒಳ್ಳೆ ಆಯ್ಕೆ. ಈ ನಾಲ್ಕು ನೋಡಿ:

• ವಿಂಡೋಸ್ 11 ಓಡುತ್ತಾ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

• ಬಯೋಸ್ ಪಾಸ್‌ವರ್ಡ್, ಹಳೆ ಕಂಪನಿಯ ಲಾಕ್ ಇದೆಯಾ? ಅಂಗಡಿಯಲ್ಲೇ ಇಂಟರ್ನೆಟ್ ಹಾಕಿ ವಿಂಡೋಸ್ ರೀಸೆಟ್ ಮಾಡಿಸಿ. ಯಾವುದಾದರೂ ಕಂಪನಿಯ ಲಾಗಿನ್ ಕೇಳಿದರೆ ಬಿಟ್ಟು ಬನ್ನಿ.

• ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯಕ್ಕೂ ಈಗಿನದಕ್ಕೂ ಹೋಲಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ ಆರೋಗ್ಯ ನೋಡಿ.

• ನಲವತ್ತು ನಿಮಿಷದ ಪರೀಕ್ಷೆ ಇಲ್ಲೂ ತಪ್ಪಿಸಬೇಡಿ. ಒಣಗಿದ ಥರ್ಮಲ್ ಪೇಸ್ಟ್, ಸೋತ ಫ್ಯಾನ್ ಬಯಲಾಗುವುದು ಇದರಲ್ಲೇ.

ಒಂದೇ ಮಾತಿನಲ್ಲಿ

ಮದುವೆ ಸ್ಟುಡಿಯೋಗೆ: 32 ಜಿಬಿ ರ‍್ಯಾಮ್, 8ರಿಂದ 12 ಜಿಬಿ ಗ್ರಾಫಿಕ್ಸ್ ಮೆಮೊರಿ, ಎರಡು ಎಸ್‌ಎಸ್‌ಡಿ ಜಾಗ, ಒಳ್ಳೆ ಡಿಸ್‌ಪ್ಲೇ. ವರ್ಕ್‌ಸ್ಟೇಷನ್ ಹೆಸರು ಕಡ್ಡಾಯ ಅಲ್ಲ.

ಪ್ಲಾನ್, ಎಸ್ಟಿಮೇಟ್‌ಗೆ: ಸಾಧಾರಣ ಲ್ಯಾಪ್‌ಟಾಪ್ ಸಾಕು. ದೊಡ್ಡ ತ್ರೀಡಿ, ಸ್ಟ್ರಕ್ಚರಲ್ ಕೆಲಸ ಇದ್ದರೆ ಮಾತ್ರ ವರ್ಕ್‌ಸ್ಟೇಷನ್.

ಶಿಲ್ಪ ದಾಖಲಾತಿ, ಡ್ರೋನ್ ಸರ್ವೆಗೆ: 64 ಜಿಬಿ ರ‍್ಯಾಮ್, 12 ಜಿಬಿ ಅಥವಾ ಹೆಚ್ಚು ಗ್ರಾಫಿಕ್ಸ್ ಮೆಮೊರಿ, ದಪ್ಪಗಿದ್ದರೂ ಪರವಾಗಿಲ್ಲ, ಬಲವಾದ ಕೂಲಿಂಗ್. ಊರಿನಲ್ಲೇ ಕೂತು ಪ್ರೊಸೆಸ್ ಮಾಡುವುದಾದರೆ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಇನ್ನೂ ಹೆಚ್ಚು ಕೆಲಸ ಕೊಡುತ್ತದೆ. ದೇವಸ್ಥಾನದ ಅಂಗಳದಲ್ಲಿ, ಹೊಲದಲ್ಲಿ, ಛತ್ರದಲ್ಲಿ ಸ್ಥಳದಲ್ಲೇ ಫಲಿತಾಂಶ ನೋಡಬೇಕಾದವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು.

ಸೀಸನ್‌ಗೆ ಎರಡು ತಿಂಗಳು ಮುಂಚೆಯೇ ತಗೊಂಡು, ಹಳೆ ಮೆಷಿನ್ ಕೂಡಲೇ ಮಾರದೆ, ಎರಡನ್ನೂ ಜೊತೆಗೆ ಓಡಿಸಿ ನೋಡಿ. ಏನಾದರೂ ದೋಷ ಇದ್ದರೆ ಆಗಲೇ ಗೊತ್ತಾಗಲಿ, ಮುಹೂರ್ತದ ದಿನ ಅಲ್ಲ.